ನಾತ

ನಮ್ಮ ಗಾಡಿಯ ಬಗಲಿಗೆ ಈಗಲೂ
ಬಣ್ಣದಡಿಯಿಂದ ಇಣುಕುತ್ತದೆ: ಶಾಲಾ ವಾಹನ.
ಸೀಟು ಕಿತ್ತು ಹಲಗೆ ಬಡಿದವನು ಪುರಸು, ನಾದಿನಿಯ ಮಗ.
ಹಲಗೆಯ ಮೇಲೆ ನಾನು, ನಾದಿನಿ ಬುದವಂತಿ,
ಕೆಳಗೆ ಒಣ ಬಂಗಡೆ, ಶೆಟ್ಲಿ, ಉಪ್ಪು ಹಾಕಿದ ಸೊರ.
ಸೋಮವಾರ ಹೊತ್ತಿಳಿಯುವಾಗ ಬೇಲೆಕೇರಿ ಬಿಟ್ಟರೆ
ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವಷ್ಟರಲ್ಲಿ
ಅಂಗಡಿಗಳ ಷಟರ್ ಇಳಿದಿರುತ್ತದೆ.
ಮಾರನೇ ದಿನ ಸಂತೆ.
ಲಾಡ್ಜಿನ ದುಡ್ಡಿಗೆ ಎರಡು ಬುಟ್ಟಿ ಶೆಟ್ಲಿ ಮಾರಬೇಕು,
ಅದೂ ನಮ್ಮ ಸೀರೆ ಮೂಸಿ
ಕೋಣೆ ಖಾಲಿಯಿಲ್ಲ ಅನ್ನದಿದ್ದರೆ.

ಸಮುದ್ರದ ಬದಿಯವರಿಗೆ ಚಳಿಯ ಗುರುತಿಲ್ಲ.
ನಮ್ಮಲ್ಲಿ ಡಿಸೆಂಬರೆಂದರೆ
ಬೆಳಗಿನ ಜಾವ ಕಾಲಿಗೊಂದು ಚಾದರ, ಅಷ್ಟೆ.
ಅಲ್ಲಿ ಅದು ತಗಡಿನೊಳಗಿಂದ ಬರುತ್ತದೆ,
ಬೆನ್ನುಮೂಳೆ ಒಂದೊಂದನ್ನೇ ಎಣಿಸುತ್ತ.

ಆ ರಾತ್ರಿ ನಿಂತ ಓಣಿಯಲ್ಲಿ
ಮೊದಲೇ ಒಬ್ಬರು ಬಂದು ಹೇಳಿಹೋಗಿದ್ದರು.
ಮಂಕಿಟೋಪಿ, ಕೈಯಲ್ಲಿ ಬ್ಯಾಟರಿ,
ಬಾಯಲ್ಲಿ ಸಿಟ್ಟಿರಲಿಲ್ಲ, ಮೂಗಿನಲ್ಲಿತ್ತು.
'ಊಟಕ್ಕೆ ಕೂತಿದ್ದೇವೆ ತಂಗಿ,
ಕಿಟಕಿಯನ್ನಾದರೂ ಮುಚ್ಚಿಕೊಳ್ಳಿ.'
ಮುಚ್ಚಿಕೊಂಡೆವು.
ಗಾಜು ಏರಿಸಿ, ಸಂದಿಗೆ ಗೋಣಿ ತುರುಕಿ,
ಬಾಗಿಲ ಬುಡಕ್ಕೆ ಬುದವಂತಿಯ ಹಳೆ ಸೀರೆ.
ಒಂದೆಳೆ ನಾತವೂ ಹೊರಬೀಳದ ಹಾಗೆ.
ಮರ್ಯಾದೆ ಅಂದರೆ ಅದೇ ಅಂದುಕೊಂಡಿದ್ದೆವು.

ಐದು ಕಿಲೋದ ಸಿಲಿಂಡರು, ನೆತ್ತಿಯ ಮೇಲೆ ಒಂದೇ ಬರ್ನರು.
ಚಾ ಆಯಿತು. ಗಂಜಿ ಬಿಸಿಯಾಯಿತು.
ಆರಿಸಲು ಕೈ ಚಾಚಿದರೆ ಪುರಸು,
'ಇರಲಿ ಬಿಡು ಮಾಮಿ, ಸಣ್ಣಗೆ ಉರಿಯಲಿ.'
ಗಾಜಿನ ಒಳಮೈಗೆ ಬೆವರು ಕೂತು ಇಳಿಯತೊಡಗಿತು.
ಆ ಊರಿನಲ್ಲಿ ಮೊದಲ ಬಾರಿ
ಕಾಲ್ಬೆರಳು ನನ್ನವೇ ಅನಿಸಿತು.
ನೀಲಿ ಬೆಂಕಿಯ ತುದಿ ಯಾವಾಗ ಹಳದಿಗೆ ತಿರುಗಿತೋ
ನೋಡಿದವರಿಲ್ಲ.

ತಲೆ ನೋಯತೊಡಗಿತು. ಘಟ್ಟದ ತಿರುವು ಅಂದುಕೊಂಡೆ.
ಹೊಟ್ಟೆ ತೊಳಸಿತು. ಗಂಜಿ ಹಳಸಿತ್ತೇನೋ ಅಂದುಕೊಂಡೆ.
ಬುದವಂತಿ ನಾಳೆಯ ಬುಟ್ಟಿ ಎಣಿಸುತ್ತಿದ್ದವಳು
ಹನ್ನೆರಡರ ನಂತರ ಒಂಬತ್ತು ಅಂದಳು, ಮತ್ತೆ ಒಂಬತ್ತು.
ನಗಬೇಕೆನಿಸಿತು, ಬಾಯಿ ಏಳಲಿಲ್ಲ.
ಎದ್ದು ಗಾಜು ಇಳಿಸು ಅಂತ ಕೈಗೆ ಹೇಳಿದೆ.
ಕೈ ಬೇರೆ ಯಾರದೋ ಮನೆಯ ಆಳಿನಂತೆ
ಕೇಳಿಯೂ ಕೇಳದೆ ಬಿದ್ದಿತ್ತು.
ಹೆದರಿಕೆಯಾಗಲಿಲ್ಲ.
ಈಗ ನೆನೆದರೆ ಹೆದರಿಕೆ ಅದಕ್ಕೇ.

ಆಮೇಲಿನದು ನಾನು ಕಂಡದ್ದಲ್ಲ, ಕೇಳಿದ್ದು.
ತಗಡಿನ ಮೇಲೆ ದಬದಬ. ಅದೇ ಮಂಕಿಟೋಪಿ.
'ನಾತ ಇನ್ನೂ ಬರ್ತಾ ಇದೆ, ಗಾಡಿ ತೆಗೀರಿ ಮಾರಾಯ್ರೆ!'
ಉತ್ತರವಿಲ್ಲ. ಬೈದರು. ಉತ್ತರವಿಲ್ಲ.
ಬೈಗುಳಕ್ಕೆ ತಿರುಗಿ ಒಂದು ಮಾತೂ ಆಡದ ಮೀನಿನ ಹೆಂಗಸರನ್ನು
ಅವರು ಜನ್ಮದಲ್ಲೇ ಕಂಡಿರಲಿಲ್ಲವಂತೆ.
ಅನುಮಾನ ಬಂದು ಹಿಂಬಾಗಿಲು ಎಳೆದರು.
ಮಕ್ಕಳ ಕಾಲದ ಚಿಲಕ, ಹೊರಗಿಂದಲೂ ತೆರೆಯುವಂಥದು.

ಅಂಗಳದ ಚಳಿಯಲ್ಲಿ ಮೂವರನ್ನೂ ಎಳೆದು ಹಾಕಿದ್ದರು.
ನಮ್ಮನ್ನು ಮುಟ್ಟಿಯೇ ಎಳೆದಿರಬೇಕು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ,
'ಒಲೆಯೂ ನಿಮ್ಮದೇ ಗಾಳಿ ಉಸಿರಾಡುತ್ತದೆ.
ಸಾಲದೇ ಹೋದಾಗ ಅದು ಉಗುಳುವ ವಿಷಕ್ಕೆ
ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.'
ಸಿಲಿಂಡರಿನ ಗ್ಯಾಸಿಗೂ ಹುಟ್ಟಾ ವಾಸನೆಯಿಲ್ಲವಂತೆ,
ಸೋರಿದರೆ ತಿಳಿಯಲೆಂದು
ಕಂಪನಿಯವರೇ ನಾತ ಬೆರೆಸುತ್ತಾರಂತೆ.
ಬುದವಂತಿ ಮೂಗಿನ ಮಾಸ್ಕು ಸರಿಸಿ ಕೇಳಿದಳು,
'ದುಡ್ಡು ಕೊಟ್ಟು ಬೆರೆಸ್ತಾರಾ?'

ಈಗ ಒಲೆ ಉರಿಯುವುದು ಹೊರಗೆ, ಕಲ್ಲಿನ ಮೇಲೆ.
ಗಂಜಿಯಾದೊಡನೆ ಸಿಲಿಂಡರಿನ ಕಿವಿ ತಿರುವಿ
ಪುರಸು ಎರಡು ಸಲ ಮುಟ್ಟಿ ನೋಡುತ್ತಾನೆ.
ಸಂತೆಯಲ್ಲಿ ಕೊಂಡ ಮೂರು ಕಂಬಳಿ,
ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಕಾಲಬುಡಕ್ಕೆ.
ಗಾಜು ಎರಡೂ ಬದಿಗೆ ನಾಲ್ಕು ಬೆರಳು ಕೆಳಗೆ.
ಚಳಿ ಬರುತ್ತದೆ. ಬರಲಿ.

ಸೋಮವಾರ ಅದೇ ಓಣಿ.
ಹತ್ತು ಗಂಟೆಗೆ ಗೇಟಿನ ಸದ್ದಾಗುತ್ತದೆ, ಬ್ಯಾಟರಿಯ ಬೆಳಕು
ಹಾವಸೆಯ ಗೋಡೆ ಹಿಡಿದು ನಡೆದು ಬಂದು
ಗಾಡಿಯಿಂದ ಮಾರು ದೂರದಲ್ಲಿ ನಿಲ್ಲುತ್ತದೆ.
ಮೀನು ಕೊಟ್ಟರೆ ಮುಟ್ಟರು, ಮಾತು ಬೆಳೆಸರು.
ಒಮ್ಮೆ ಗಾಳಿ ಎಳೆದುಕೊಳ್ಳುತ್ತಾರೆ, ನಮಗೆ ಕೇಳುವಷ್ಟು.
'ಹ್ಞಾ, ಬರ್ತಾ ಇದೆ,' ಅನ್ನುತ್ತಾರೆ,
ಒಳಗೆ ಹೋಗಿ ಮಲಗುತ್ತಾರೆ.